ಹತ್ತು ನಿಮಿಷದ ಚಂದಾ

ಟಿವಿಯ ಚಂದಾ ಕಟ್ಟಬೇಕೋ ಬೇಡವೋ ಎಂಬ ಪ್ರಶ್ನೆ ಚುರುಕಿಯ ತಲೆ ಹೊಕ್ಕು ಹದಿನೈದು ದಿನವಾಗಿತ್ತು. ಹೊಕ್ಕಿದ್ದು ಹೊರಗೆ ಹೋಗುವ ದಾರಿ ಕಾಣದೆ ಅಲ್ಲೇ ಕೂತು ಕೊರೆಯುತ್ತಿತ್ತು.

ಚುರುಕಿ ಎಂಬುದು ಲಾಂಡ್ರಿಯವರು ಇಟ್ಟ ಹೆಸರು. ಆಸ್ಪತ್ರೆ, ಹೋಟೆಲುಗಳ ಹಾಸುಬಟ್ಟೆ ಒಗೆದು ಇಸ್ತ್ರಿ ಮಾಡಿ ಕಳಿಸುವ ಆ ದೊಡ್ಡ ಲಾಂಡ್ರಿಯಲ್ಲಿ ಅವಳಷ್ಟು ಬೇಗ ಕೈಯಾಡಿಸುವವರು ಇನ್ನೊಬ್ಬರಿರಲಿಲ್ಲ. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮನೆಯಲ್ಲಿ ಗಂಡ. ಕರೆಂಟು ಕಂಬ ಹತ್ತುವ ಕೆಲಸದವನು, ಎರಡು ವರ್ಷದ ಹಿಂದೆ ಕಂಬದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಸತ್ತು ಮಲಗಿದ್ದ. ಮೂರನೇ ಮಹಡಿಯ ಒಂದೇ ಕೋಣೆ. ಕೋಣೆಗೆ ಒಂದೇ ಕಿಟಕಿ. ಅದಕ್ಕೆ ಎದುರಾಗಿ ಪಕ್ಕದ ಕಟ್ಟಡದ ಸಿಮೆಂಟು ಬಳಿಯದ ಗೋಡೆ.

ಬಿದ್ದ ಮೇಲೆ ಅವನ ಬಾಯಿಂದ ಬರುತ್ತಿದ್ದದ್ದು ನೀರು, ಬೇಡ, ಆಯ್ತು ಎಂಬ ಮೂರು ಮಾತು. ಹೀಗಿರುವಾಗ ಯಾರೋ ಕೊಟ್ಟ ಹಳೇ ಟಿವಿಯಲ್ಲಿ, ಸಿನಿಮಾ ಸೀರಿಯಲ್ಲು ತೋರಿಸುವ ಒಂದು ಆ್ಯಪು ಮೊದಲ ತಿಂಗಳು ಬಿಟ್ಟಿ ಎಂದು ಸಿಕ್ಕಿತು. ಎರಡನೇ ವಾರದ ಒಂದು ಸಂಜೆ ಅವನನ್ನು ಮಗ್ಗುಲಾಗಿಸಿ ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚುತ್ತಿದ್ದಾಗ ಇದ್ದಕ್ಕಿದ್ದಂತೆ, "ಆ ಮುದುಕ ಅಡಿಮರಾನೇ ತಪ್ಪಾಗಿ ಕಡಿಸಿಬಿಟ್ಟ ಕಣೇ" ಎಂದ.

ಚುರುಕಿ ಜ್ವರ ತಲೆಗೇರಿತೇ ಎಂದು ಹಣೆ ಮುಟ್ಟಿ ನೋಡಿದಳು. ತಣ್ಣಗಿತ್ತು.

"ಯಾವ ಮುದುಕ ರೀ?"

"ಹಡಗು ಕಟ್ಟೋನು. ಮೂರು ತಲೆಮಾರಿಂದ ಹಡಗು ಕಟ್ಟೋ ಮನೆತನ. ಅಡಿಮರ ಸೊಟ್ಟ ಆದ್ರೆ ಹಡಗು ನೀರಲ್ಲಿ ನಿಲ್ಲುತ್ತಾ?"

"ನಿಲ್ಲಲ್ವಾ?"

"ನಿನ್ನ ತಲೆ" ಎಂದು ಗಂಡ ನಕ್ಕ. ಎರಡು ವರ್ಷದ ಮೇಲೆ ನಕ್ಕ. ಮುಲಾಮಿನ ಬೆರಳು ಹಾಗೆಯೇ ನಿಂತಿತು. ಅಂದಿನಿಂದ ಅವಳು ಮನೆಗೆ ಬಂದರೆ ಕಾಯುತ್ತಿದ್ದದ್ದು ರೋಗಿಯ ಮೌನವಲ್ಲ, ಮಾತು. ಮುದುಕನ ಕಿರಿಮಗ ಏನು ಮಾಡಿದ, ಸಾಲ ಕೊಟ್ಟವನ ಮಗಳು ಏನು ಹೇಳಿದಳು. ಅವಳಿಗೆ ಅರ್ಧ ತಿಳಿಯುತ್ತಿರಲಿಲ್ಲ. ತಿಳಿಯಬೇಕಾಗಿಯೂ ಇರಲಿಲ್ಲ.

ಬಿಟ್ಟಿ ತಿಂಗಳು ಮುಗಿಯಿತು. ಮುಂದುವರಿಯಲು ಹಣ ಪಾವತಿಸಿ ಎಂಬ ಬಿಳಿ ಅಕ್ಷರ ಪರದೆಯ ಮೇಲೆ ನಿಂತಿತು. ಗಂಡ ಕೇಳಲಿಲ್ಲ, ಗೊಣಗಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿದ. ಒಂದು ತಿಂಗಳ ಚಂದಾ ಎಂದರೆ ಎರಡು ಟ್ಯೂಬು ಮುಲಾಮು. ಬೆನ್ನಿಗೋ ಬಾಯಿಗೋ ಎಂದರೆ ಯಾವ ಹೆಂಡತಿ ಏನು ಹೇಳಬೇಕು? ಚುರುಕಿ ಒಂದು ದಿನ ಬೇಡ ಎಂದುಕೊಂಡಳು, ಮರುದಿನ ಬೇಕು ಎಂದುಕೊಂಡಳು, ಮೂರನೇ ದಿನ ಬೆನ್ನಿನ ಹುಣ್ಣು ಬಾಯಿ ತೆರೆದದ್ದು ನೋಡಿ ಮತ್ತೆ ಬೇಡ ಎಂದುಕೊಂಡಳು.

ಈ ಕೊರೆತವನ್ನು ಅವಳು ಬಿಚ್ಚಿಟ್ಟಿದ್ದು ಲಾಂಡ್ರಿಯ ಬೆಂಚಿನ ಮೇಲೆ, ಮಧ್ಯಾಹ್ನ ಮೂರರ ಹತ್ತು ನಿಮಿಷದ ಬಿಡುವಿನಲ್ಲಿ. ಆ ಹತ್ತು ನಿಮಿಷ ಯಾರೋ ದಯೆ ತೋರಿಸಿ ಕೊಟ್ಟದ್ದಲ್ಲ. ಹನ್ನೊಂದು ವರ್ಷದ ಹಿಂದೆ ಹೆಂಗಸರು ಮೂರು ದಿನ ನೆಲದ ಮೇಲೆ ಕೂತು, ಬೈಗುಳ ತಿಂದು, ನಾಲ್ಕು ಜನ ಕೆಲಸ ಕಳೆದುಕೊಂಡು ಕಿತ್ತುಕೊಂಡದ್ದು. ಕೂತವರಲ್ಲಿ ಈಗ ಉಳಿದಿದ್ದವಳು ದೊಡ್ಡಕ್ಕ ಒಬ್ಬಳೇ. ನಿಂತು ನಿಂತು ಅವಳ ಕಾಲಿನ ನರಗಳು ಹಗ್ಗದ ಗಂಟಿನಂತೆ ಉಬ್ಬಿ ನೀಲಿಯಾಗಿದ್ದವು. ಬೆಂಚಿಗೆ ಬಂದ ಕೂಡಲೇ ಎದುರಿನ ಬಟ್ಟೆಗಾಡಿಯ ಮೇಲೆ ಎರಡೂ ಕಾಲು ಎತ್ತಿಟ್ಟು ಕಣ್ಣು ಮುಚ್ಚುವಳು. "ಈಗ ರಕ್ತ ವಾಪಸ್ಸು ಮನೆಗೆ ಹೋಗ್ತಿದೆ, ಯಾರೂ ಮಾತಾಡಿಸಬೇಡಿ" ಎನ್ನುವಳು. ಎಂದವಳೇ ಮೊದಲು ಮಾತು ತೆಗೆಯುವಳು.

"ಕಟ್ಟೇ, ಚಂದಾ ಕಟ್ಟು. ಗಂಡಸು ಮಾತಾಡೋದಕ್ಕೆ ದುಡ್ಡು ಕೇಳೋದು ನಾನು ಇದೇ ಮೊದಲು ಕೇಳಿದ್ದು. ನಮ್ಮನೆಯೋನು ಬದುಕಿದ್ದಾಗ ಬಾಯಿ ಮುಚ್ಚಿಸೋಕೆ ದುಡ್ಡು ಕೊಡಬೇಕಿತ್ತು."

"ನಮ್ಮನೆಗೆ ಚಂದಾನೇ ಬೇಡ" ಎಂದಳು ಬೆಂಚಿನ ಆ ತುದಿಯಿಂದ ಸೊಸೆ. "ನಮ್ಮತ್ತೆ ಬಾಯಿ ತೆಗೆದ್ರೆ ಇಡೀ ಬೀದಿಗೆ ಬಿಟ್ಟಿ ಸೀರಿಯಲ್ಲು."

"ನಿನ್ನ ಅಡುಗೆ ತಿಂದೋರ ಬಾಯಿಂದ ಇನ್ನೇನು ಬರುತ್ತೆ?" ಎಂದಳು ಅತ್ತೆ, ಕಣ್ಣು ಕೂಡ ತೆರೆಯದೆ.

ಅತ್ತೆ ಸೊಸೆ ಇಬ್ಬರೂ ನಿಜವಾದ ಅತ್ತೆ ಸೊಸೆಯರೇ. ಈ ನಾಲ್ವರು ಎರಡನೇ ನಂಬರು ರೋಲರಿನವರು. ರೋಲರು ಎಂದರೆ ಕೋಣೆಯಗಲದ, ಒಳಗೆ ಹಬೆ ಓಡುವ ಕಬ್ಬಿಣದ ಉರುಳೆ. ಒದ್ದೆ ಹಾಸುಬಟ್ಟೆಯ ಎರಡು ಮೂಲೆಗಳನ್ನು ಇಬ್ಬರು ಹಿಡಿದು, ಬಿಗಿಯಾಗಿ ಎಳೆದು, ಒಂದೇ ಉಸಿರಿಗೆ ಅದರ ಬಾಯಿಗೆ ಕೊಡಬೇಕು. ಅದು ಚುರುಕಿ ಮತ್ತು ದೊಡ್ಡಕ್ಕನ ಕೆಲಸ. ಆ ಕಡೆ ಬಿಸಿಯಾಗಿ ಬಂದದ್ದನ್ನು ಮಡಿಸುವುದು ಅತ್ತೆ ಸೊಸೆಯದು. ಮಡಿಸುವಾಗ ಮಾತ್ರ ಅವರಿಬ್ಬರಲ್ಲಿ ಜಗಳವಿರಲಿಲ್ಲ.

ಆ ವಾರವೇ ಫಾರಮ್ಮು ಬಂತು. ಸೂಪರ್‌ವೈಸರ್ ಬೆಂಚಿನ ಬಳಿ ನಿಂತು, ಮದುವೆ ಕಾಗದ ಹಂಚುವವನಂತೆ ಹಲ್ಲು ಬಿಟ್ಟುಕೊಂಡು ಹಂಚಿದ. ನೌಕರರ ಮನರಂಜನಾ ಯೋಜನೆಯಂತೆ. ಮನೆಯ ಟಿವಿಗೆ ವರ್ಷವಿಡೀ ಸಿನಿಮಾ, ಸೀರಿಯಲ್ಲು, ಎಲ್ಲಾ ಬಿಟ್ಟಿ, ಚಂದಾ ಕಂಪನಿಯದು. ಕೆಳಗೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಒಂದು ಸಾಲು: ಅಪರಾಹ್ನದ ವಿರಾಮದ ಅವಧಿಯನ್ನು ಸದರಿ ಸೌಲಭ್ಯದೊಂದಿಗೆ ಸರಿದೂಗಿಸಿಕೊಳ್ಳಲಾಗುವುದು.

"ಸರಿದೂಗಿಸೋದು ಅಂದ್ರೆ ಏನು ಸಾರ್?" ಸೊಸೆ ಕೇಳಿದಳು.

"ಬೇಕಾದೋರು ಸೈನ್ ಹಾಕಿ. ಬೇಡದೋರು ಬೇಡ. ಬಲವಂತ ಇಲ್ಲ."

"ಅಂದ್ರೆ ಸೈನ್ ಹಾಕಿದೋರು ಕೂರೋ ಹಾಗಿಲ್ಲ" ಎಂದಳು ದೊಡ್ಡಕ್ಕ. "ನೇರ ಹೇಳೋಕೆ ಬಾಯಿಗೆ ಏನಾಗಿದೆ?" ಫಾರಮ್ಮನ್ನು ನಾಲ್ಕಾಗಿ ಮಡಿಸಿ ಚಪ್ಪಲಿಯ ಒಳಗೆ, ಹಿಮ್ಮಡಿ ನೋಯುವ ಜಾಗಕ್ಕೆ ಮೆತ್ತೆ ಮಾಡಿಕೊಂಡಳು.

ಚುರುಕಿ ಸೈನ್ ಹಾಕಿದಳು. ಅವಳ ಕಾಲು ಗಟ್ಟಿಯಾಗಿದ್ದವು, ವಯಸ್ಸು ಮೂವತ್ತಾರು. ಹತ್ತು ನಿಮಿಷ ಕೂತರೂ ನಿಂತರೂ ಅವಳಿಗೆ ಅಷ್ಟಕ್ಕಷ್ಟೇ. ನನ್ನ ಹತ್ತು ನಿಮಿಷ ನನ್ನದು, ಅದನ್ನು ಗಂಡನಿಗೆ ಕೊಡುತ್ತಿದ್ದೇನೆ, ಮುಲಾಮಿಗೂ ಕುತ್ತಿಲ್ಲ ಎಂದುಕೊಂಡಳು. ಹದಿನೈದು ದಿನದ ಕೊರೆತ ಒಂದು ಗೀಟಿನಲ್ಲಿ ಮುಗಿದಂತಾಗಿ ಹಗುರಾದಳು. ಎರಡನೇ ರೋಲರಿನಲ್ಲಿ ಸೈನ್ ಹಾಕಿದವಳು ಅವಳೊಬ್ಬಳೇ.

ಮರುದಿನ ಮೂರು ಗಂಟೆಗೆ ಗಂಟೆ ಬಾರಿಸಿತು. ದೊಡ್ಡಕ್ಕ, ಅತ್ತೆ, ಸೊಸೆ ಬೆಂಚಿಗೆ ಹೋದರು. ರೋಲರು ನಿಲ್ಲಲಿಲ್ಲ.

"ಮಷಿನ್ ಯಾಕೆ ಸಾರ್ ಓಡ್ತಿದೆ?"

"ನೀನು ಸೈನ್ ಹಾಕಿದ್ದೀಯಲ್ಲ. ನಿಲ್ಲಿಸಿದ್ರೆ ಮತ್ತೆ ಬಿಸಿಯಾಗೋಕೆ ಎಷ್ಟು ಹೊತ್ತು ಬೇಕು ಗೊತ್ತಾ? ಹಾಕು."

"ಒಬ್ಬಳೇ ಹೇಗೆ ಹಾಕ್ಲಿ?"

"ನೀನು ಚುರುಕಿ ಅಲ್ವಾ?" ಎಂದು ನಕ್ಕು ಅವನು ಗಾಜಿನ ಕೋಣೆಗೆ ಹೋದ.

ಚುರುಕಿ ಒಂದು ಮೂಲೆ ಕೊಟ್ಟು ಇನ್ನೊಂದು ಮೂಲೆಗೆ ಓಡಿದಳು. ಬಟ್ಟೆ ಸೊಟ್ಟಗಾಗಿ ಸುಕ್ಕುಗಟ್ಟಿತು. ಎರಡನೆಯದಕ್ಕೆ ಇನ್ನೂ ಜೋರಾಗಿ ಓಡಿದಳು. ಮೂರನೆಯದು ಉರುಳೆಗೆ ಸಿಕ್ಕು ಎಳೆದುಕೊಂಡಾಗ, ಬಿಡಿಸಲು ಚಾಚಿದ ಬೆರಳಿಗೂ ಕಬ್ಬಿಣಕ್ಕೂ ನಡುವೆ ಒಂದು ಗೇಣು ಉಳಿದಿತ್ತು. ಅಷ್ಟರಲ್ಲಿ ಇನ್ನೊಂದು ಮೂಲೆಯನ್ನು ಯಾರೋ ಹಿಡಿದರು. ದೊಡ್ಡಕ್ಕ.

"ಅಕ್ಕಾ, ನೀವು ಕೂತ್ಕೊಳ್ಳಿ. ನಿಮ್ಮದು ಬಿಡುವು."

"ನಿನ್ನ ಕೈ ಒಳಗೆ ಹೋಗೋದನ್ನ ಕಾಲು ನೀಡ್ಕೊಂಡು ನೋಡ್ತಾ ಇರ್ಲಾ? ಎಳಿ."

ಇಬ್ಬರು ಹಾಕಿದರೆ ಬಟ್ಟೆ ಆ ಕಡೆ ಹೊರಬೀಳಲೇಬೇಕು. ಬಿದ್ದು ನೆಲದ ಕೊಳೆ ಹತ್ತಿದರೆ ಮತ್ತೆ ಒಗೆತ, ಮತ್ತೆ ಬೈಗುಳ. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದು ಬಂದರು. ಗಾಜಿನ ಕೋಣೆಯಿಂದ ಸೂಪರ್‌ವೈಸರ್ ನೋಡುತ್ತಿದ್ದ. ಬಾ ಎಂದು ಅವನು ಯಾರನ್ನೂ ಕರೆದಿರಲಿಲ್ಲ. ಕರೆಯಬೇಕಾಗಿಯೇ ಇರಲಿಲ್ಲ. ಮೇಲಿನವರ ಜಾಣತನವೆಲ್ಲ ಇದ್ದದ್ದು ಅಲ್ಲಿಯೇ. ಒಬ್ಬಳ ಕೈಗೆ ಕುತ್ತು ಬಂದರೆ ಉಳಿದವರು ಸುಮ್ಮನೆ ಕೂರುವುದಿಲ್ಲ ಎಂಬುದನ್ನು ಅವರು ಚೆನ್ನಾಗಿ ಬಲ್ಲರು. ಹೆಂಗಸರ ಒಡನಾಟವೂ ಅವರ ಕಣ್ಣಿಗೆ ಹಬೆ, ಸೋಪುಗಳಂತೆ ಕೆಲಸಕ್ಕೆ ಬರುವ ಸಾಮಾನು. ಒಂದು ಚಂದಾ ಕೊಟ್ಟು ನಾಲ್ಕು ಜನರ ಬಿಡುವನ್ನು ಕೊಂಡಿದ್ದರು.

ಅಂದು ಸಂಜೆ ಗಂಡನ ಟಿವಿಯಲ್ಲಿ ಹಡಗು ಮತ್ತೆ ಬಂತು. "ಕಿರಿಮಗ ಅಪ್ಪನಿಗೇ ಎದುರು ಮಾತಾಡಿದ ಕಣೇ!" ಎಂದು ಗಂಡ ಅವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ. ಅವನ ಕಣ್ಣು ಹೊಳೆಯುತ್ತಿದ್ದವು. ಚುರುಕಿ ಹೂಂಗುಟ್ಟಿದಳು.

ಹದಿನೆಂಟು ದಿನ ಹೀಗೆ ನಡೆಯಿತು. ಮೂರು ಗಂಟೆಯ ಗಂಟೆ ಬಾರಿಸುವುದು, ಯಾರೂ ಕೂರದಿರುವುದು. ದೊಡ್ಡಕ್ಕ ಒಂದು ದಿನವೂ ಒಂದು ಮಾತು ಆಡಲಿಲ್ಲ. ಆಡಿದವಳು ಅತ್ತೆ.

"ನಿನ್ನ ಗಂಡನ ಕಥೆ ಎಲ್ಲಿಗೆ ಬಂತಮ್ಮಾ? ನಾವೂ ಕೇಳೋಣ. ನಾಲ್ಕು ಜನ ನಿಂತು ನೋಡ್ತಿದ್ದೀವಲ್ಲ, ನಮಗೂ ಟಿಕೆಟ್ ಇರಬೇಕು."

"ಅತ್ತೆ, ಸುಮ್ನಿರಿ" ಎಂದಳು ಸೊಸೆ.

"ಯಾಕೆ ಸುಮ್ನಿರ್ಲಿ? ಸೈನ್ ಹಾಕೋವಾಗ ಇವಳು ನಮ್ಮನ್ನ ಕೇಳಿದ್ಳಾ?"

ಚುರುಕಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದಿರಲೂ ಇಲ್ಲ. ಹತ್ತು ವರ್ಷ ಇನ್ನೊಬ್ಬಳ ಜೊತೆ ಒಂದೇ ಬಟ್ಟೆಯ ತುದಿ ಹಿಡಿದು ನಿಂತವಳು, ಹತ್ತು ನಿಮಿಷ ತನ್ನೊಬ್ಬಳದು ಎಂದು ಹೇಗೆ ನಂಬಿದಳು?

ಹತ್ತೊಂಬತ್ತನೇ ದಿನ, ಮೂರರ ಗಂಟೆ ಬಾರಿಸಿ ಐದು ನಿಮಿಷಕ್ಕೆ, ದೊಡ್ಡಕ್ಕನ ಚಪ್ಪಲಿ ಜಾರಿತು. ಚೆಲ್ಲಿದ ನೀರೆಂದುಕೊಂಡು ಚುರುಕಿ ಬಗ್ಗಿ ನೋಡಿದಳು. ನೀರಲ್ಲ. ಕಣಕಾಲಿನ ಗಂಟೊಂದು ಒಡೆದು, ರಕ್ತ ಸದ್ದಿಲ್ಲದೆ ಇಳಿದು, ಹಿಮ್ಮಡಿಯ ಕೆಳಗಿದ್ದ ಫಾರಮ್ಮನ್ನು ನೆನೆಸಿ, ಸಿಮೆಂಟಿನ ಮೇಲೆ ಹರಡುತ್ತಿತ್ತು.

"ಅಕ್ಕಾ, ಕಾಲು!"

ದೊಡ್ಡಕ್ಕ ನೋಡಿಕೊಂಡಳು. ಹರಿದ ಹಾಸುಬಟ್ಟೆಯ ಪಟ್ಟಿ ತೆಗೆದುಕೊಂಡು ಬಿಗಿಯಾಗಿ ಸುತ್ತಿದಳು. "ಇದು ಆಸ್ಪತ್ರೆ ಬಟ್ಟೆ ತಾನೇ, ಸರಿಯಾದ ಜಾಗಕ್ಕೇ ಬಂತು ಬಿಡು" ಎಂದು ನಗಲು ನೋಡಿದಳು. ತುಟಿ ಬಿಳಚಿಕೊಂಡಿತ್ತು. ಲಾಂಡ್ರಿ ತುಂಬ ಆಸ್ಪತ್ರೆಯ ಬಟ್ಟೆ. ಆ ಕಾಲನ್ನು ನೋಡಲು ಒಬ್ಬ ಡಾಕ್ಟರನ್ನು ಮಾತ್ರ ಯಾರೂ ಕರೆಯಲಿಲ್ಲ. ಅರ್ಧ ದಿನದ ರಜೆ ಬರೆದು ಕಳಿಸಿದರು.

ಚುರುಕಿ ಗಾಜಿನ ಕೋಣೆಗೆ ಹೋದಳು. "ಸಾರ್, ನನ್ನ ಸೈನ್ ವಾಪಸ್ಸು ಕೊಡಿ."

"ವರ್ಷದ ಯೋಜನೆ ಅದು. ಮಧ್ಯದಲ್ಲಿ ಬಿಡೋಕೆ ಬರಲ್ಲ."

"ಟಿವಿ ಬೇಡ. ನಿಲ್ಲಿಸಿಬಿಡಿ."

"ಟಿವಿ ನೋಡು, ಬಿಡು, ನಿನ್ನಿಷ್ಟ. ಮಷಿನ್ ಓಡುತ್ತೆ."

ಮನೆಗೆ ಬಂದು ಗಂಡನ ಹಾಸಿಗೆಯ ಅಂಚಿನಲ್ಲಿ ಕೂತಳು. ಅವನು ಟಿವಿಯ ಸದ್ದು ತಗ್ಗಿಸಿ, "ಮೂರನೇ ಭಾಗ ಶುರುವಾಯ್ತು. ಹಡಗಿಗೆ ಬಣ್ಣ ಬಳೀತಿದ್ದಾರೆ" ಎಂದ. ಅವಳು ಎಲ್ಲವನ್ನೂ ಹೇಳಿದಳು. ಬೆಂಚು, ಗಂಟೆ, ಕಾಲು, ರಕ್ತ. ಚಂದಾ ಎಲ್ಲಿಂದ ಬಂತೆಂದು ಅವನಿಗೆ ಅಲ್ಲಿಯವರೆಗೆ ಹೇಳಿರಲಿಲ್ಲ.

ಅವನು ರಿಮೋಟು ಒತ್ತಿ ಹಡಗನ್ನು ಅಲ್ಲೇ ನಿಲ್ಲಿಸಿದ. ಆಮೇಲೆ, "ಇನ್ನು ಎರಡು ಭಾಗ ಇದೆ ಅಷ್ಟೇ. ಒಂದು ತಿಂಗಳು ಕೊಡು" ಎಂದ.

"ಏನು?"

"ಒಂದು ತಿಂಗಳು. ಮುಗಿದ್ಮೇಲೆ ಏನಾದ್ರೂ ಮಾಡ್ಕೋ."

"ಅಕ್ಕನ ಕಾಲು ಒಡೆದಿದೆ ರೀ."

"ನನ್ನ ಕಾಲು?" ಅವನ ದನಿ ಒಡೆಯಿತು. "ಅವಳಿಗೆ ನಿಂತು ನೋಯೋಕಾದರೂ ಕಾಲಿದೆ. ಬೆಳಿಗ್ಗೆ ಆರಕ್ಕೆ ನೀನು ಬಾಗಿಲು ಹಾಕ್ಕೊಂಡು ಹೋದ್ರೆ ಸಂಜೆವರೆಗೆ ಆ ಗೋಡೇಲಿ ಎಷ್ಟು ಇಟ್ಟಿಗೆ ಇದೆ ಅಂತ ನನ್ನ ಕೇಳು, ಹೇಳ್ತೀನಿ. ಹತ್ತು ನಿಮಿಷ ಅಂತೆ!"

ಚುರುಕಿಗೆ ಕೋಪ ಬರಲಿಲ್ಲ. ಬಂದಿದ್ದರೆ ಸಲೀಸಾಗುತ್ತಿತ್ತು. ಅವನು ಕೇಳುತ್ತಿದ್ದುದು ಸಣ್ಣದೇ, ಹಡಗು ನೀರಿಗಿಳಿಯುವುದನ್ನು ನೋಡುವುದು. ಒಂದು ತಿಂಗಳೆಂದರೆ ಇಪ್ಪತ್ತಾರು ಮಧ್ಯಾಹ್ನ. ಆ ಕಾಲು ಇಪ್ಪತ್ತಾರು ಮಧ್ಯಾಹ್ನ ನಿಲ್ಲುತ್ತದೆಯೇ? ಇಬ್ಬರು ನರಳುವವರನ್ನು ಎದುರುಬದುರು ನಿಲ್ಲಿಸಿ, ಯಾರ ನೋವು ದೊಡ್ಡದು ನೀನೇ ಹೇಳು ಎಂದು ತನ್ನ ಕೈಗೆ ಯಾರು ಕೊಟ್ಟರು? ಕೊಟ್ಟವರು ಗಾಜಿನ ಕೋಣೆಗೂ ಮೇಲಿನ ಕೋಣೆಯಲ್ಲಿ ತಣ್ಣಗೆ ಕೂತಿದ್ದರು. ಅವರನ್ನು ಅವಳು ಒಂದು ದಿನವೂ ಕಣ್ಣಾರೆ ಕಂಡಿರಲಿಲ್ಲ.

"ಆಗಲ್ಲ ರೀ" ಎಂದಳು.

ಅವನು ಗೋಡೆಯ ಕಡೆ ತಿರುಗಿದ. ಮುಲಾಮು ಹಚ್ಚುವಾಗ ಬೆನ್ನು ಮರದಂತೆ ಬಿಗಿದುಕೊಂಡಿತ್ತು.

ಮರುದಿನ ದೊಡ್ಡಕ್ಕ ಕಾಲಿಗೆ ದಪ್ಪ ಪಟ್ಟಿ ಸುತ್ತಿಕೊಂಡೇ ಬಂದಿದ್ದಳು. ಬಾರದಿದ್ದರೆ ಸಂಬಳವಿಲ್ಲ. ಮೂರು ಗಂಟೆಗೆ ಗಂಟೆ ಬಾರಿಸಿತು. ಚುರುಕಿ ಕೈಯಲ್ಲಿದ್ದ ಮೂಲೆಯನ್ನು ಬಿಟ್ಟಳು. ಒದ್ದೆ ಬಟ್ಟೆ ಗಾಡಿಗೆ ಬಿತ್ತು. ನಡೆದು ಹೋಗಿ ಬೆಂಚಿನ ಮೇಲೆ ಕೂತಳು.

ಸೂಪರ್‌ವೈಸರ್ ಓಡಿ ಬಂದ. "ಏಯ್, ನೀನು ಸೈನ್ ಹಾಕಿದ್ದೀಯ!"

"ಹಾಕಿದ್ದೀನಿ ಸಾರ್. ನೀವೂ ಒಂದು ಹಾಕಿ."

"ಏನು?"

"ರೋಲರಿಗೆ ಒಬ್ಬಳೇ ಬಟ್ಟೆ ಹಾಕಬಹುದು, ಕೈ ಹೋದ್ರೆ ಜವಾಬ್ದಾರಿ ಕಂಪನಿಯದು ಅಂತ ಬರೆದು ಸೈನ್ ಹಾಕಿ ಕೊಡಿ. ಈಗಲೇ ಎದ್ದು ಹಾಕ್ತೀನಿ. ಅಕ್ಕನನ್ನ ಮುಟ್ಟಿಸಲ್ಲ."

"ಅದೆಲ್ಲ ಬರೆದು ಕೊಡೋಕಾಗುತ್ತಾ? ಬಾಯಲ್ಲಿ ಹೇಳ್ತಿದ್ದೀನಲ್ಲ."

"ಬಾಯಲ್ಲಿ ಹೇಳಿದ್ದು ನಡೆಯಲ್ಲ ಸಾರ್. ಗಂಡನ ಪರಿಹಾರಕ್ಕೆ ಎರಡು ವರ್ಷದಿಂದ ಎಷ್ಟು ಆಫೀಸು ಅಲೆದಿದ್ದೀನಿ ಗೊತ್ತಾ? ಎಲ್ಲಿ ಹೋದ್ರೂ ಒಂದೇ ಪ್ರಶ್ನೆ, ಕಂಬ ಹತ್ತು ಅಂತ ಬರಹದಲ್ಲಿ ಯಾರು ಹೇಳಿದ್ರು? ಆ ಪಾಠ ನಿಮ್ಮಂಥೋರೇ ಕಲಿಸಿದ್ದು. ಕಲ್ತಿದ್ದೀನಿ."

ಅವನು ಓಡುತ್ತಿದ್ದ ರೋಲರಿನ ಕಡೆ ತಿರುಗಿ ನೋಡಿದ. ಬರೆದು ಕೊಟ್ಟರೆ ತನ್ನ ಕುತ್ತಿಗೆ, ಕೊಡದಿದ್ದರೆ ಖಾಲಿ ಓಡುವ ರೋಲರು. ಅತ್ತೆ ಬಂದು ಚುರುಕಿಯ ಪಕ್ಕ ಧೊಪ್ಪನೆ ಕೂತಳು. "ಸರ್ಕೊಳ್ಳೇ, ಬೆಂಚು ನಿನ್ನಪ್ಪಂದಾ?" ಎಂದಳು. ದೊಡ್ಡಕ್ಕ ಕಾಲು ಎತ್ತಿ ಗಾಡಿಯ ಮೇಲಿಟ್ಟಳು. ಒಂದನೇ ರೋಲರಿನಲ್ಲಿ ಸೈನ್ ಹಾಕಿದ್ದ ಇಬ್ಬರು ಇತ್ತ ನೋಡಿದರು. ಕೈ ಬಿಡಲಿಲ್ಲ, ಆದರೆ ನಿಧಾನಿಸಿದರು. ಅಷ್ಟೇ. ಹತ್ತು ನಿಮಿಷ ಖಾಲಿ ಉರುಳೆ ತಿರುಗಿತು. ಸೂಪರ್‌ವೈಸರ್ ನಾಲ್ವರ ಹೆಸರು ಬರೆದುಕೊಂಡ. "ನಾಳೆ ಗೇಟಿನಲ್ಲಿ ಮಾತಾಡೋಣ" ಎಂದ.

ಸಂಜೆ ಅವಳು ಮೆಟ್ಟಿಲು ಹತ್ತುವಾಗಲೇ ಗೊತ್ತಾಯಿತು, ಒಳಗೆ ಸದ್ದಿರಲಿಲ್ಲ. ಪರದೆಯ ಮೇಲೆ ಅದೇ ಬಿಳಿ ಅಕ್ಷರ. ಸೇವೆ ನಿಲ್ಲಿಸುವುದರಲ್ಲಿ ಕಂಪನಿ ತಡ ಮಾಡಿರಲಿಲ್ಲ. ವರ್ಷದ ಮಾತು ಅವರಿಗೆ ಬೇಕಾದಾಗ ಮಾತ್ರ ವರ್ಷದ ಮಾತು. ಗಂಡ ಕಣ್ಣು ಮುಚ್ಚಿ ಮಲಗಿದ್ದ. ನಿದ್ದೆಯಲ್ಲ. ಅವಳು ಒಲೆಯ ಮೇಲೆ ಪಾತ್ರೆ ಇಟ್ಟಳು.

ಬಾಗಿಲು ತಟ್ಟಿದ ಸದ್ದಾಯಿತು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ ದೊಡ್ಡಕ್ಕ ನಿಂತಿದ್ದಳು. ಚುರುಕಿ ಬೇಡ ಬೇಡ ಎನ್ನುವಷ್ಟರಲ್ಲಿ ಒಳಗೆ ಬಂದು, ಇದ್ದ ಒಂದೇ ಕುರ್ಚಿಯಲ್ಲಿ ಕೂತು, ಪಟ್ಟಿ ಸುತ್ತಿದ ಕಾಲನ್ನು ಅವನ ಹಾಸಿಗೆಯ ಅಂಚಿಗೇ ಎತ್ತಿಟ್ಟಳು.

"ತಮ್ಮಾ, ಕೆಳಗೆ ಬಿಟ್ರೆ ಒಸರುತ್ತೆ. ಬೇಜಾರು ಮಾಡ್ಕೋಬೇಡ."

ಅವನು ಕಣ್ಣು ತೆರೆದ. ಕಾಲನ್ನು ನೋಡಿದ. "ನೀವೇನಾ ಅದು?"

"ನಾನೇ."

"ನಿಮ್ಮಿಂದ ಹೋಯ್ತು ನನ್ನದು."

"ರೀ!" ಎಂದಳು ಚುರುಕಿ.

"ನೀನು ಸುಮ್ನಿರೇ" ಎಂದಳು ದೊಡ್ಡಕ್ಕ. "ಹೌದಪ್ಪ, ನನ್ನಿಂದಲೇ ಹೋಯ್ತು. ಸಮಾಧಾನ ಹೇಳೋಕೆ ಬಂದಿಲ್ಲ ನಾನು, ನನಗೆ ಅದು ಬರೋದೂ ಇಲ್ಲ. ಬೈಯೋದಿದ್ರೆ ಬೈಯಿ. ಬೈಸ್ಕೊಳ್ಳೋಕೆ ಎದುರಿಗೆ ಒಂದು ಜೀವ ಬೇಡವಾ?"

ಅವನು ಬೈದ. ಮೊದಲು ಅವಳ ಕಾಲನ್ನು, ಅವಳ ವಯಸ್ಸನ್ನು, ಮನೆಯಲ್ಲಿ ಬಿದ್ದಿರಲಾರದೆ ಕೆಲಸಕ್ಕೆ ಬರುವ ಅವಳ ಹಣೆಬರಹವನ್ನು. ಚುರುಕಿಗೆ ಕಿವಿ ಮುಚ್ಚಿಕೊಳ್ಳುವಂತಾಯಿತು. ದೊಡ್ಡಕ್ಕ ಹೂಂ ಎನ್ನುತ್ತಾ ಕೂತಿದ್ದಳು. ಆಮೇಲೆ ಲಾಂಡ್ರಿಯವರನ್ನು ಬೈದ. ಆಮೇಲೆ ಉಸಿರು ಎಳೆದುಕೊಂಡು, "ಲೈನ್ ಆಫ್ ಮಾಡಿದ್ದೀನಿ, ಕಂಬ ಹತ್ತು ಅಂದ ನಮ್ಮ ಮೇಲಿನ ಆ ಬೋಳಿಮಗ" ಎಂದ.

ಅಕ್ಕಿ ತೊಳೆಯುತ್ತಿದ್ದ ಚುರುಕಿ ನಲ್ಲಿ ನಿಲ್ಲಿಸಿದಳು.

"ಫೋನಲ್ಲಿ ಎರಡು ಸಲ ಕೇಳ್ದೆ. ಆಫ್ ಆಗಿದ್ಯಾ ಸಾರ್, ಸರಿಯಾಗಿ ನೋಡಿದ್ರಾ ಸಾರ್? ಹತ್ತಯ್ಯಾ, ನನಗೆ ಕೆಲಸ ಹೇಳಿಕೊಡ್ಬೇಡ ಅಂದ. ಹತ್ತಿದೆ. ತಂತಿ ಮುಟ್ಟೋಕೆ ಮೊದಲೇ ಕೈಯ ಕೂದಲು ನಿಂತಿತು. ಗೊತ್ತಾಯ್ತು. ಗೊತ್ತಾಗಿ ಕೈ ಹಿಂದಕ್ಕೆ ತಗೊಳ್ಳೋವಷ್ಟರಲ್ಲಿ..."

ಇದನ್ನು ಅವನು ಪೊಲೀಸರಿಗೆ ಹೇಳಿರಲಿಲ್ಲ, ಡಾಕ್ಟರಿಗೆ ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ. ಫೋನು ಮಾಡಿದವನ ಹೆಸರು ಹೇಳಿದ. ಪಕ್ಕದಲ್ಲಿ ಏಣಿ ಹಿಡಿದು ನಿಂತು ಆ ಮಾತು ಕೇಳಿಸಿಕೊಂಡಿದ್ದವನ ಹೆಸರು ಹೇಳಿದ. ಏಣಿಯವನು ಈಗ ಯಾವ ಬೀದಿಯಲ್ಲಿದ್ದಾನೆಂದು ಹೇಳಿದ. ಹೇಳುತ್ತಾ ಹೇಳುತ್ತಾ ಅವನ ದನಿ ಕೋಣೆಗೆ ಹಿಡಿಸದಷ್ಟು ದೊಡ್ಡದಾಯಿತು. ಪಕ್ಕದ ಮನೆಯವರು ಗೋಡೆ ಬಡಿದರು. ಅವನು ನಿಲ್ಲಿಸಲಿಲ್ಲ.

ಬೆಳಿಗ್ಗೆ ತಮ್ಮ ನಾಲ್ವರಿಗೆ ಗೇಟು ತೆರೆಯುತ್ತಾರೋ ಇಲ್ಲವೋ ಚುರುಕಿಗೆ ಗೊತ್ತಿರಲಿಲ್ಲ. ಒಲೆಯ ಮೇಲೆ ಪಾತ್ರೆ ಉಕ್ಕುತ್ತಿತ್ತು. ಅವಳು ಹಾಜರಿ ಚೀಟಿಯ ಹಿಂಬದಿಗೆ, ಒದ್ದೆ ಕೈಯಲ್ಲೇ, ಆ ಎರಡು ಹೆಸರುಗಳನ್ನು ಬರೆದುಕೊಂಡಳು.